ಏಳನೇ ಕಾಲಂ ಮತ್ತು ಇನ್ನೂರ ನಲವತ್ತು ಮೀನು

2024ರ ಆಗಸ್ಟ್ 12, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಯಲಬುರ್ಗಾದ ಕರೆಂಟ್ ಆಫೀಸು, ಬಾಗಿಲಿನಿಂದ ಎರಡನೇ ಮೇಜು. ನಾನು ಹೊಸ ಸಂಪರ್ಕಕ್ಕೆ ಅರ್ಜಿ ತುಂಬುತ್ತಿದ್ದೆ. ಹೆಸರು, ಊರು, ಸರ್ವೆ ನಂಬರು, ಪಹಣಿ, ಗುರುತಿನ ಚೀಟಿ, ಎಷ್ಟು ಅಶ್ವಶಕ್ತಿ: ಆರು ಕಾಲಂ ನಾಲ್ಕು ನಿಮಿಷದಲ್ಲಿ ಮುಗಿದವು. ಏಳನೆಯದು ‘ಸಂಪರ್ಕದ ಉದ್ದೇಶ’. ಅದರ ಮುಂದೆ ಐದು ಚೌಕಗಳು. ಮನೆ, ವಾಣಿಜ್ಯ, ಕೈಗಾರಿಕೆ, ನೀರಾವರಿ ಪಂಪ್‌ಸೆಟ್, ಇತರೆ. ನನ್ನ ಪೆನ್ನು ಅಲ್ಲಿ ನಿಂತಿತು.

ನಾನು ಮಾಡುತ್ತಿದ್ದ ಕೆಲಸ ಏನೆಂದು ಮೊದಲು ಹೇಳಬೇಕು. ನಮ್ಮ ಹೊಲ ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹೋಗುವ ದಾರಿಯಲ್ಲಿದೆ. ಎರೆ ಭೂಮಿ. ಗಂಗಾವತಿ, ಕಾರಟಗಿ ಕಡೆಯವರಿಗೆ ಕಾಲುವೆ ಇದೆ, ನಮಗೆ ಒಂದು ಬೋರು. ಹೊಲದ ಮೂಲೆಯಲ್ಲಿ ಹಳೆಯ ಕಣವಿತ್ತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಅದು ಕೆಲಸವಿಲ್ಲದೆ ಬಿದ್ದಿತ್ತು. ಅಲ್ಲಿ ತಗಡಿನ ಶೆಡ್ ಹಾಕಿ, ದಪ್ಪ ತಾಡಪತ್ರಿಯ ಒಂದು ದುಂಡು ತೊಟ್ಟಿ ನಿಲ್ಲಿಸಿ, ಸಿದ್ದಾಪುರದ ಕಡೆಯಿಂದ ಗೆಂಡೆ ಮೀನಿನ ಮರಿ ತಂದು ಬಿಟ್ಟೆ. ಮೊದಲ ವಾರದಲ್ಲಿ ಸತ್ತವನ್ನು ಕಳೆದು 240 ಉಳಿದವು. ನೀಲಿ ಬ್ಯಾರಲ್‌ಗಳನ್ನು ಉದ್ದಕ್ಕೆ ಸೀಳಿ ಎಂಟು ಮಡಿ ಮಾಡಿ, ಅವಕ್ಕೆ ಮಣ್ಣಿನ ಬದಲು ಕಂಕರ್, ಅಂದರೆ ಸಣ್ಣ ಜಲ್ಲಿಕಲ್ಲು, ತುಂಬಿದೆ. ಮೀನಿನ ಹೊಲಸು ನೀರು ಮೋಟಾರಿನಿಂದ ಮಡಿಗೆ ಏರುತ್ತದೆ. ಕಂಕರಿನ ನಡುವೆ ಆ ಹೊಲಸು ಗೊಬ್ಬರವಾಗಿ ಬೇರಿಗೆ ಸಿಗುತ್ತದೆ, ತಿಳಿನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಒಮ್ಮೆ ತುಂಬಿದ ನೀರೇ ತಿರುಗುತ್ತಿರುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಅಪ್ಪನ ತಾಯಿ, ನಮ್ಮ ಆಯಿ, ನೋಡಲು ಬಂದವರಿಗೆಲ್ಲ ನನಗಿಂತ ಚೆನ್ನಾಗಿ ವಿವರಿಸುತ್ತಾಳೆ: “ಮೀನಾ ಹೇಲತಾವ, ಪಲ್ಯಾ ಉಣ್ಣತೈತಿ. ಅಷ್ಟ ಐತಿ ನೋಡ್ರಿ.”

ಇಡೀ ವ್ಯವಸ್ಥೆಯ ಜೀವ ಒಂದು ಸಣ್ಣ ಯಂತ್ರದಲ್ಲಿದೆ. ಅದು ನೀರಿಗೆ ಗಾಳಿ ಊದುತ್ತದೆ. ದಿನದ 24 ಗಂಟೆಯೂ ಓಡಬೇಕು. ನಿಂತರೆ ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಶೆಡ್ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕದಿಂದ ಅದನ್ನು ಓಡಿಸುತ್ತಿದ್ದೆ. ಅದರ ಅವಧಿ 2025ರ ಜನವರಿ 15ರವರೆಗೆ. ಅಷ್ಟರೊಳಗೆ ಕಾಯಂ ಸಂಪರ್ಕ ಸಿಗದಿದ್ದರೆ ತಂತಿ ಬಿಚ್ಚುತ್ತಾರೆ, ಮೀನು ಸಾಯುತ್ತವೆ. ಅದಕ್ಕೇ ಆ ದಿನ ಆ ಮೇಜಿನ ಮುಂದೆ ಕುಳಿತಿದ್ದೆ.

“ಪಂಪ್‌ಸೆಟ್ ಅಂತ ಬರೀಲೇನ್ರಿ?” ಎಂದು ಗುಮಾಸ್ತರನ್ನು ಕೇಳಿದೆ.

“ಬರೀರಿ. ಹಗಲಿಗಿಷ್ಟು ತಾಸು, ರಾತ್ರಿಗಿಷ್ಟು ತಾಸು ಕರೆಂಟ್ ಬರ್ತೈತಿ. ಉಳಿದ ಹೊತ್ತಿನ್ಯಾಗ ನಿಮ್ಮ ಮೀನಾ ಉಸುರು ಹಿಡಕೊಂಡು ಕುಂದರತಾವೇನ್ರಿ?”

“ಹಂಗಾರ ವಾಣಿಜ್ಯ?”

“ಜಮೀನು ಎನ್.ಎ. ಆಗೇತೇನು?”

ಎಂದರೆ, ಕೃಷಿಯಲ್ಲದ ಜಮೀನು ಎಂದು ಬದಲಾಗಿದೆಯೇ ಎಂಬ ಪ್ರಶ್ನೆ. “ಇಲ್ರಿ. ಅದು ಹೊಲಾ.”

“ಹೊಲದಾಗ ವಾಣಿಜ್ಯ ಬರಂಗಿಲ್ರಿ.”

“ಇತರೆ?”

“ಇತರೆ ಅಂದ್ರ ಏನಂತ ಯಾವುದರ ಒಂದು ಇಲಾಖೆದವರು ಬರಕೊಡಬೇಕು. ಇದು ನಮ್ಮ ಬಾಬ್ತು ಅಂತ ಒಂದ ಸಾಲು. ಅದನ್ನ ತರ್ರಿ, ಮುಂದಿನ ಕೆಲಸ ನಾ ಮಾಡಿಸ್ತೀನಿ.”

ನನ್ನ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ಹೀಗೆ ಬರೆದಿದ್ದೇನೆ: ‘ಬೇಕಾದದ್ದು: ಒಂದು ಸಾಲು.’ ಅದರ ಪಕ್ಕ, ಬಹಳ ಧೈರ್ಯದಿಂದ, ‘ಒಂದು ವಾರ’ ಎಂದೂ ಬರೆದಿದ್ದೇನೆ.

ಕೊಪ್ಪಳದಲ್ಲಿ ಮೊದಲು ಹೋದದ್ದು ಮೀನಿನ ಇಲಾಖೆಗೆ. ಅಲ್ಲಿನವರು ಒಳ್ಳೆಯವರು, ಕುರ್ಚಿ ಕೊಟ್ಟರು. ಹೊಂಡ ಎಷ್ಟು ಗುಂಟೆ ಎಂದು ಕೇಳಿದರು. ಹೊಂಡವಲ್ಲ, ತೊಟ್ಟಿ ಎಂದೆ. ತೊಟ್ಟಿಗೂ ಒಂದು ಯೋಜನೆ ಇದೆ ಎಂದು ಉತ್ಸಾಹದಿಂದ ಕಡತ ತೆಗೆದರು. ನೀರು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದಾಗ ಪಾಲಕ್, ಮೆಂತ್ಯ, ಟೊಮೆಟೊ ಮಡಿಗೆ ಎಂದೆ. ಕಡತ ಮುಚ್ಚಿತು. “ಪಲ್ಯಾ ಬಂತಂದ್ರ ಅದು ತೋಟಗಾರಿಕಿ ತಂಗಿ. ನಾವು ಬರಕೊಟ್ರ ನಾಳೆ ಅವರು ನಮ್ಮನ್ನ ಕೇಳತಾರ.”

ತೋಟಗಾರಿಕೆಯವರು ಮೀನು ಎಂದ ಕೂಡಲೆ ನಕ್ಕರು. ಆದರೂ ಬೇಡ ಎನ್ನಲಿಲ್ಲ. ಮಣ್ಣು ಪರೀಕ್ಷೆಯ ವರದಿ ತಂದರೆ ನೋಡೋಣ ಎಂದರು. ಮಣ್ಣೇ ಇಲ್ಲ ಎಂದೆ. “ವರದಿ ಇಲ್ಲದ ಅರ್ಜಿ ತಗೊಳ್ಳಾಕ ಬರಂಗಿಲ್ಲ” ಎಂದರು.

ನಾನು ಹಟಮಾರಿ. ಸೆಪ್ಟೆಂಬರ್ 19ರಂದು ಎರಡು ಕಿಲೋ ಕಂಕರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಮೇಲೆ ಸರ್ವೆ ನಂಬರು ಬರೆದು, ಮಣ್ಣು ಪರೀಕ್ಷಾ ಕೇಂದ್ರಕ್ಕೆ ಒಯ್ದೆ. ಅಲ್ಲಿದ್ದವರು ಚೀಲ ಬಿಚ್ಚಿ, ಒಂದು ಕಲ್ಲು ತೆಗೆದು ಬೆಳಕಿಗೆ ಹಿಡಿದು ನೋಡಿದರು.

“ಇದರಾಗ ಮಣ್ಣ ಎಲ್ಲೈತಿ?”

“ಇಲ್ರಿ. ಮಣ್ಣು ಇಲ್ಲ ಅಂತ ಬರಕೊಡ್ರಿ.”

“ಇಲ್ಲದ್ದನ್ನ ಪರೀಕ್ಷಾ ಮಾಡಿ ಇಲ್ಲ ಅಂತ ಹೆಂಗ ಬರಕೊಡ್ಲಿ ಯವ್ವಾ? ನಮ್ಮ ಫಾರ್ಮಿನ್ಯಾಗ ಸಾರಜನಕ ಎಷ್ಟು, ರಂಜಕ ಎಷ್ಟು ಅಂತ ಐತಿ. ಮಣ್ಣು ಐತೋ ಇಲ್ಲೋ ಅಂತ ಕಾಲಂ ಇಲ್ಲ.”

ಕಂಕರ್ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದೆ. ಆ ಚೀಲ ಇವತ್ತಿಗೂ ಶೆಡ್ಡಿನ ಮೊಳೆಗೆ ನೇತು ಬಿದ್ದಿದೆ. ಆಮೇಲೆ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ.

ಡಿಸೆಂಬರ್ ಮಧ್ಯದ ಹೊತ್ತಿಗೆ ನನ್ನ ಲೆಕ್ಕ ಹೀಗಿತ್ತು. ಕೊಪ್ಪಳಕ್ಕೆ 11 ಸಲ, ಯಲಬುರ್ಗಾಕ್ಕೆ 6 ಸಲ, ಒಟ್ಟು 17. ‘ಬಂದು ಸ್ಥಳ ನೋಡಿರಿ’ ಎಂದು ಕರೆಂಟ್ ಆಫೀಸಿಗೆ ಬರೆದ ಪತ್ರ 5. ಇನ್ನೊಂದು ಲೆಕ್ಕವನ್ನೂ ಇಡುತ್ತಿದ್ದೆ: ಸಂಪರ್ಕ ಬೇಗ ಸಿಗಲೆಂದು ಜನ ನನಗೆ ಸೂಚಿಸಿದ ಸುಳ್ಳುಗಳು. ಕುರಿ ಶೆಡ್ ಅಂತ ಬರಿ ಎಂದವರು 4. ದನದ ಕೊಟ್ಟಿಗೆ 2. ಹೊಲ ಕಾಯುವವನ ಮನೆ 2. ಹಿಟ್ಟಿನ ಗಿರಣಿ 1. ಒಟ್ಟು 9. ಹೇಳಿದವರಲ್ಲಿ ಮೂವರು ಆಫೀಸಿನವರೇ.

ಕುರಿ ಶೆಡ್ ಎಂದ ಮೊದಲಿಗ ನನ್ನ ಕಾಕಾ. ಊರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನನ್ನ ತೊಟ್ಟಿಯ ಮೋಟಾರು, ಗಾಳಿಯಂತ್ರ, ತಂತಿ ಎಲ್ಲ ಅವನ ಕೈಯವು.

“ಕುರಿ ಅಂತ ಬರದ್ರ ಯಾವ ಕುರಿ ಬಂದು ಸಾಕ್ಷಿ ಹೇಳತೈತಿ? ನೋಡಾಕ ಬಂದ ದಿನ ನಿಮ್ಮ ಮಾವನ ಮನ್ಯಾವ ನಾಕು ಕುರಿ ತಂದು ಕಟ್ಟಿದ್ರಾತು.”

“ನಾ ಕುರಿ ಸಾಕಿಲ್ಲ ಕಾಕಾ.”

“ಮೀನಾ ಸಾಯಾಕ ಹತ್ತಿದ್ರ ನಿನ್ನ ಸತ್ಯ ತಗೊಂಡು ಗಾಳಿ ಊದ್ತಿಯೇನು?”

ಎರಡು ದಿನ ಯೋಚಿಸಿ ಅದಕ್ಕೆ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕುರಿ ಶೆಡ್ ಎಂದು ಬರೆದರೆ ನಾಳೆ ರೋಗ ಬಂದು ಮೀನು ಸತ್ತಾಗ ಯಾರ ಬಾಗಿಲಿಗೂ ಹೋಗುವಂತಿಲ್ಲ, ಸತ್ತದ್ದು ಕುರಿಯಲ್ಲ. ಎಂಟು ಮಡಿ ಎಂಬತ್ತು ಮಾಡಲು ಸಾಲ ಕೇಳಿದಾಗ ಬ್ಯಾಂಕಿನವರು ಬಂದು ಕುರಿ ಎಲ್ಲಿ ಎಂದು ಕೇಳುತ್ತಾರೆ. ಇದೆಲ್ಲಕ್ಕಿಂತ, ನನ್ನ ಹಿಂದೆ ಇದನ್ನು ಮಾಡುವ ಇನ್ನೊಬ್ಬಳು ಅದೇ ಮೇಜಿಗೆ ಹೋದಾಗ, ‘ಜಿಲ್ಲೆಯಲ್ಲಿ ಇಂಥದ್ದು ಯಾರೂ ಮಾಡಿಲ್ಲ’ ಎನ್ನುತ್ತಾರೆ. ದಾಖಲೆಯಲ್ಲಿ ಕುರಿ ಇರುತ್ತದೆ, ನಾನು ಇರುವುದಿಲ್ಲ. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಬರೀ ಸರಕಾರವನ್ನು ದೂರಿದರೆ ಲೆಕ್ಕ ಸರಿಯಾಗುವುದಿಲ್ಲ. ಕುಷ್ಟಗಿಯಲ್ಲಿ ಖಾನಾವಳಿ ನಡೆಸುವ ಒಬ್ಬ ಅಕ್ಕನಿಗೆ ನನ್ನ ಪಾಲಕ್ ತೋರಿಸಿದೆ. ಎಲೆ ಮುಟ್ಟಿ, “ಎಷ್ಟು ಛಲೋ ಐತಿ ತಂಗಿ!” ಎಂದಳು. ಎಲ್ಲಿ ಬೆಳೆದೆ ಎಂದಾಗ ಹೇಳಿದೆ. ಕೈ ಹಿಂದೆ ತೆಗೆದಳು.

“ಮೀನಿನ ನೀರಾ? ನಮ್ಮದು ಶುದ್ಧ ಶಾಕಾಹಾರಿ ಖಾನಾವಳಿ ಐತಿ.”

“ಕುರಿ ಹಿಕ್ಕಿ ಹಾಕಿದ ಹೊಲದ ಪಲ್ಯಾ ತಗೋತೀರಲ್ಲಕ್ಕಾ?”

“ಕುರಿ ಹೊಲದಾಗ ಮಲಗಿ ಎದ್ದು ಹೋಗತೈತಿ. ಮೀನಾ ನೀರಾಗ ಕೂತಿರ್ತಾವ.”

ನಮ್ಮ ಮನೆಯಲ್ಲೂ ಮೀನು ತಿನ್ನುವುದಿಲ್ಲ. ಆದರೆ ಆಯಿ ಮೊದಲ ಕಟ್ಟು ಮೆಂತ್ಯವನ್ನು ತೊಳೆದು, ಹಸಿಯಾಗಿಯೇ ರೊಟ್ಟಿಯ ಜೊತೆ ತಿಂದು, “ಗಿಡಾ ಏನ ಉಣ್ಣತೈತಿ ಅಂತ ನಾ ಯಾವತ್ತೂ ಕೇಳಿಲ್ಲ. ಕೇಳಿದ್ರ ಏನೂ ತಿನ್ನಂಗಿಲ್ಲ” ಎಂದಿದ್ದಳು. ಆ ಮಾತನ್ನು ಖಾನಾವಳಿಯ ಅಕ್ಕನಿಗೆ ಹೇಳಿದೆ. ಅವಳು ಕಟ್ಟು ತೆಗೆದುಕೊಳ್ಳಲಿಲ್ಲ, ಆದರೆ ನಕ್ಕಳು. ನನ್ನ ಗಿರಾಕಿಗಳ ಪಟ್ಟಿಯಲ್ಲಿ ಅವಳ ಮುಂದೆ ‘ಇಲ್ಲ’ ಎಂದು ಬರೆದಿಲ್ಲ, ‘ಇನ್ನೂ ಇಲ್ಲ’ ಎಂದಿದೆ.

ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ. ಹಿಂಗಾರು ಜೋಳ ಎದೆಮಟ್ಟಕ್ಕೆ ಬಂದಿರುವ ಹೊತ್ತಿನಲ್ಲಿ ಮನೆಮಂದಿ, ಬೀಗರು, ನೆರೆಯವರು ಎಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ಊಟಕ್ಕೆ ಮೊದಲು ಸಜ್ಜಿ ಕಡಬು, ಹೋಳಿಗೆ, ಪುಂಡಿಪಲ್ಯ, ಅನ್ನ ಎಲ್ಲವನ್ನೂ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಬಸುರಿ ಭೂಮಿಗೆ ಉಣಿಸುವುದು.

ಹಿಂದಿನ ದಿನವೇ ಆಯಿಗೂ ನನಗೂ ವಾದವಾಗಿತ್ತು. ಶೆಡ್ಡಿನಲ್ಲಿ ಚರಗ ಬೇಡ ಎಂದೆ. “ಹೊಲಕ್ಕೆಲ್ಲಾ ಉಣಸಿ ನಿನ್ನ ಕಣಾ ಒಂದು ಉಪಾಸ ಕೆಡವಲೇನು?” ಎಂದಳು. ಕೊನೆಗೆ ಒಪ್ಪಂದವಾಯಿತು: ಎಂಟು ಮಡಿಗೆ ಒಂದೊಂದು ಚಿಟಿಕೆ, ತೊಟ್ಟಿಗೆ ಇಲ್ಲ. ನನ್ನ ತಪ್ಪು ಇಲ್ಲಿದೆ, ಹಾಗಾಗಿ ಸ್ಪಷ್ಟವಾಗಿ ಬರೆಯುತ್ತೇನೆ. ಅವತ್ತು ಹೊಲಕ್ಕೆ ಬಂದವರು 23 ಜನ. ನಾನು ಹೇಳಿದ್ದು ಆಯಿ ಒಬ್ಬಳಿಗೆ.

ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ಒಂದು ಮೋಟಾರ್ ಬೈಕು ಬದುವಿನ ಪಕ್ಕ ನಿಂತಿತು. ಕರೆಂಟ್ ಆಫೀಸಿನ ಅಧಿಕಾರಿ. ಐದು ಪತ್ರಕ್ಕೆ ಉತ್ತರವಾಗಿ ಸ್ಥಳ ನೋಡಲು ಅವರೇ ಬಂದಿದ್ದರು. “ಸಾಹೇಬ್ರು ದಿನಾ ನೋಡೇ ಬಂದಾರ” ಎಂದು ಕಾಕಾ ಮೀಸೆಯಲ್ಲಿ ನಕ್ಕ. ಈ ದಿನ ಯಾರ ಹೊಲಕ್ಕೆ ಯಾರು ಕಾಲಿಟ್ಟರೂ ಉಣ್ಣದೆ ಹೋಗುವಂತಿಲ್ಲ.

ನಾನು ಅವರನ್ನು ಶೆಡ್ಡಿನ ಹೊರಗೆ ನಿಲ್ಲಿಸಿಕೊಂಡು ಕಾಗದ ತೋರಿಸತೊಡಗಿದೆ. ಪಹಣಿ, ಐದು ಪತ್ರದ ನಕಲು, ಕಂಕರ್ ಚೀಲ. ಅಷ್ಟರಲ್ಲಿ ಚರಗದವರು ಹೊಲ ಸುತ್ತಿ ಶೆಡ್ಡಿಗೆ ಬಂದರು. ಮುಂದಿನವನು ಕೂಗುತ್ತ ಚೆಲ್ಲುತ್ತಿದ್ದ, ಹಿಂದಿನವರು ನೀರು ಚಿಮುಕಿಸುತ್ತಿದ್ದರು. ಆಯಿ ಮಾತಿಗೆ ತಪ್ಪದೆ ಮಡಿಗೆ ಚಿಟಿಕೆ ಹಾಕಿದಳು. ಉಳಿದವರು ತೊಟ್ಟಿಯ ಸುತ್ತ ನಿಂತರು. ಒಬ್ಬರು ಹಾಕಿದ್ದಕ್ಕೆ ಮೀನು ಮೇಲೆ ಹಾರಿ ಬಂದವು. “ಉಣ್ಣತಾವ ನೋಡ್ರಿ, ಉಣ್ಣತಾವ!” ಎಂದು ಇನ್ನೊಬ್ಬರು ಹಾಕಿದರು. ಭೂಮಿ ಉಣ್ಣುವುದನ್ನು ಯಾರೂ ಕಂಡಿರಲಿಲ್ಲ. ಚೆಲ್ಲಿದ ಚರಗ ಕಣ್ಣೆದುರೇ ಮಾಯವಾಗುವುದನ್ನು ಅವರು ನೋಡಿದ್ದು ಅದೇ ಮೊದಲು. ನನ್ನ ಬೆನ್ನು ಅತ್ತ ಕಡೆಗಿತ್ತು.

ಅಧಿಕಾರಿ ಕಾಗದ ಬಿಟ್ಟು ಒಳಗೆ ನೋಡುತ್ತಿದ್ದರು. ಆಯಿಯನ್ನು ಕರೆದು ಕೇಳಿದರು.

“ಆಯೀ, ಇಲ್ಲ್ಯಾಕ ಚೆಲ್ಲತೀರಿ? ಇಲ್ಲಿ ಮಣ್ಣ ಇಲ್ಲಲ್ಲ?”

“ಬೆಳಿ ಐತೋ ಇಲ್ಲೋ ಸಾಹೇಬ್ರ?”

“ಬೆಳಿ ಐತಿ.”

“ಬೆಳಿ ಇದ್ದಲ್ಲಿ ಚರಗ ಚೆಲ್ಲತಾರ. ನಿಮ್ಮ ಆಫೀಸಿಗೆ ಬಂದು ಚೆಲ್ಲತೀವೇನು? ಅಲ್ಲಿ ಏನೂ ಹುಟ್ಟಂಗಿಲ್ಲ.”

ಅಧಿಕಾರಿಯೇ ಮೊದಲು ನಕ್ಕರು. ಆಯಿ ಬಿಡಲಿಲ್ಲ. “ನಗಬ್ಯಾಡ್ರಿ. ಕೈ ತೊಳ್ಕೊಂಡು ಕುಂದರ್ರಿ, ಕಡಬು ಆರತಾವ.” ಅವರು ಮೂರು ಕಡಬು ತಿಂದರು. ತಿಂದಾದ ಮೇಲೆ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಸ್ಥಳ ಪರಿಶೀಲನೆಯ ವರದಿ ಬರೆದರು. ಅದರ ನಕಲು ನನ್ನ ಬಳಿ ಇದೆ. ತೊಟ್ಟಿ ಒಂದು, ಮಡಿ ಎಂಟು, ಮೋಟಾರು ಒಂದು ಎಂದು ಬರೆದ ಮೇಲೆ ಕೊನೆಯ ಸಾಲು ಹೀಗಿದೆ: ‘ಸದರಿ ಸ್ಥಳದಲ್ಲಿ ಕುಟುಂಬದವರು ಕೃಷಿ ಸಂಬಂಧಿತ ಪೂಜೆ ನೆರವೇರಿಸುತ್ತಿದ್ದುದು ಕಂಡುಬಂದಿರುತ್ತದೆ.’

ನಾಲ್ಕೂವರೆ ತಿಂಗಳಲ್ಲಿ ನನ್ನ ಶೆಡ್ಡಿನ ಬಗ್ಗೆ ಸರಕಾರದ ಒಂದು ಕಾಗದದಲ್ಲಿ ‘ಕೃಷಿ’ ಎಂಬ ಪದ ಬಂದದ್ದು ಅದೇ ಮೊದಲು. ಸಂಜೆಯವರೆಗೆ ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಮಾತ್ರ ಎಣಿಸಿಲ್ಲ.

ಮರುದಿನ ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಶೆಡ್ಡಿನ ಬಾಗಿಲು ತೆಗೆದಾಗ ವಾಸನೆ ಮೊದಲು ಬಂತು. ನೀರಿನ ಮೇಲೆ ಎಣ್ಣೆಯ ಪದರ, ತಳದಲ್ಲಿ ಹೋಳಿಗೆಯ ಚೂರು. ಮೀನು ತಿನ್ನದೆ ಬಿಟ್ಟದ್ದೆಲ್ಲ ಕೊಳೆತು ನೀರಿನ ಉಸಿರನ್ನೇ ಹೀರಿತ್ತು. ಗಾಳಿಯಂತ್ರ ಓಡುತ್ತಿದ್ದರೂ ಸಾಲದೆ ಹೋಗಿತ್ತು. 17 ಮೀನು ಸತ್ತಿದ್ದವು. ಉಳಿದವು ಮೇಲೆ ಬಾಯಿ ಬಿಡುತ್ತಿದ್ದವು. ಕಾಕಾನಿಗೆ ಫೋನು ಮಾಡಿದೆ. ಅವನು ಕೂಡಲೇ ಬಂದು ಬೋರಿನ ಪೈಪು ಜೋಡಿಸಿದ. ಅರ್ಧ ನೀರು ಜೋಳಕ್ಕೆ ಬಿಟ್ಟು ಹೊಸ ನೀರು ತುಂಬುವಷ್ಟರಲ್ಲಿ ಹತ್ತು ಗಂಟೆ. ಆಮೇಲೆ ಒಂದೂ ಸಾಯಲಿಲ್ಲ. 223.

ಆಯಿ ಸತ್ತ ಮೀನುಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಟೊಮೆಟೊ ಮಡಿಯ ಪಕ್ಕ ಕುಳಿತಿದ್ದಳು. ಅಳುತ್ತಾಳೆ ಅಂದುಕೊಂಡೆ. ಅವಳು ಯೋಚಿಸುತ್ತಿದ್ದಳು.

“ಭೂಮಿತಾಯಿ ಎಷ್ಟ ಹಾಕಿದ್ರೂ ಅರಗಿಸ್ಕೊಂತಾಳ. ನಿನ್ನ ನೀರಿಗೆ ಹೊಟ್ಟಿ ಸಣ್ಣದು ಐತಿ.”

“ಅದನ್ನ ನಿನ್ನೆ ಎಲ್ಲಾರಿಗೂ ನಾ ಹೇಳಬೇಕಾಗಿತ್ತು.”

“ಹೇಳಬೇಕಾಗಿತ್ತು. ಬರ್ಕೋ. ಎಲ್ಲಾ ಬರ್ಕೋತಿಯಲ್ಲ, ಇದನ್ನೂ ಬರ್ಕೋ.”

ಬರೆದುಕೊಂಡೆ. ಇಲಾಖೆಯವರಿಗೆ ಇದು ಯಾಕೆ ಅರ್ಥವಾಗುತ್ತಿಲ್ಲ ಎಂದು ನಾಲ್ಕು ತಿಂಗಳು ಸಿಟ್ಟಾಗಿದ್ದವಳು ನಾನು. ನನ್ನ ಸ್ವಂತ ಬೀಗರಿಗೂ ಒಂದು ಮಾತು ವಿವರಿಸಿರಲಿಲ್ಲ. ಅವರು ಅದನ್ನು ಹೊಲವೆಂದು ಪೂರ್ತಿ ನಂಬಿದ್ದರು, ಅದಕ್ಕೇ ಹೊಲಕ್ಕೆ ಮಾಡಿದ್ದನ್ನೇ ಮಾಡಿದರು. ಈಗ ತೊಟ್ಟಿಯ ಮೇಲೆ ದಪ್ಪ ಅಕ್ಷರದ ಫಲಕ ಇದೆ: ‘ಹೊಟ್ಟೆ ಸಣ್ಣದು. ಏನೂ ಹಾಕಬೇಡಿರಿ.’

2025ರ ಜನವರಿ 13, ಸೋಮವಾರ. ತಂತಿ ಬಿಚ್ಚಲು ಎರಡು ದಿನ ಉಳಿದಿತ್ತು. ಅದೇ ಮೇಜು, ಅದೇ ಗುಮಾಸ್ತರು. ಏಳನೇ ಕಾಲಂನಲ್ಲಿ ‘ಇತರೆ’ ಚೌಕಕ್ಕೆ ಗುರುತು ಹಾಕಿ, ಮುಂದೆ ನನ್ನ ಕೈಯಾರೆ ಬರೆದೆ: ‘ಒಂದೇ ನೀರಿನಲ್ಲಿ ಮೀನು ಮತ್ತು ಕಾಯಿಪಲ್ಯ ಬೆಳೆಯುವುದು.’ ಪರಿಶೀಲನೆಯ ವರದಿ ಲಗತ್ತಿಸಿದೆ.

ಗುಮಾಸ್ತರು ಓದಿದರು. “ಪೂಜಿ ಮಾಡಿದ್ದು ಉದ್ದೇಶ ಆಗಂಗಿಲ್ರಿ.”

“ಹಂಗಾರ ಇದು ಕೃಷಿ ಅಲ್ಲ ಅಂತ ಬರಕೊಡ್ರಿ. ಸಹಿ, ಮುದ್ರಿ, ತಾರೀಖು.”

“ನಾ ಹೆಂಗ ಬರಕೊಡ್ಲಿ?”

“ಹೌದಂತ ಬರಿಯಾಕ ಯಾರೂ ಇಲ್ಲ. ಅಲ್ಲಂತ ಬರಿಯಾಕೂ ಯಾರೂ ಇಲ್ಲ. ನಡುವ ನನ್ನ ಮೀನಾ ಸಾಯಬೇಕೇನ್ರಿ? ಯಾವುದರ ಒಂದು ಬರೀರಿ. ಬರಿಯೋ ತನಕಾ ನಾ ಇಲ್ಲೇ ಕುಂದರತೀನಿ.”

ಕುಳಿತೆ. 11 ಗಂಟೆ 5 ನಿಮಿಷದಿಂದ 2 ಗಂಟೆ 20 ನಿಮಿಷದವರೆಗೆ. ನನ್ನ ಹಿಂದೆ ಬಂದ ಆರು ಜನ ತಮ್ಮ ತಮ್ಮ ಅರ್ಜಿ ಕೊಟ್ಟು ಹೋದರು. ಕಡಬು ತಿಂದ ಅಧಿಕಾರಿ ಹೊರಗಿನಿಂದ ಬಂದು ನನ್ನನ್ನು, ಅರ್ಜಿಯನ್ನು, ತಮ್ಮದೇ ವರದಿಯನ್ನು ನೋಡಿದರು. ಮೀನು ಹೇಗಿವೆ ಎಂದು ಕೇಳಿದರು. 17 ಸತ್ತವು, ಚರಗ ಹೆಚ್ಚಾಯಿತು ಎಂದೆ. ಅವರ ಮುಖದಲ್ಲಿ ನಗು ಬರಲಿಲ್ಲ, ಅದು ನನಗೆ ಹಿಡಿಸಿತು. ಕಾಯಂ ಸಂಪರ್ಕ ತಮ್ಮ ಕೈಯಲ್ಲಿಲ್ಲ ಎಂದರು. ತಾತ್ಕಾಲಿಕ ಸಂಪರ್ಕವನ್ನು ಏಪ್ರಿಲ್ 15ರವರೆಗೆ ವಿಸ್ತರಿಸಿದರು. ನನ್ನ ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿತ್ತು. ಗಣಕಯಂತ್ರದಲ್ಲಿ ಏಳನೇ ಕಾಲಂ ಖಾಲಿ ಬಿಡಲು ಬರುವುದಿಲ್ಲವಂತೆ. ಅದರಲ್ಲಿ ಈಗ ಹೀಗೆ ಇದೆ: ‘ಉದ್ದೇಶ: ಪರಿಶೀಲನೆಯಲ್ಲಿದೆ.’

ಕಾಕಾ ಅದನ್ನು ಓದಿ, “ಕುರಿ ಅಂದಿದ್ರ ಆಗಸ್ಟಿನ್ಯಾಗ ಮುಗೀತಿತ್ತು” ಎಂದ. ಆಮೇಲೆ ತಾನೇ ಗಾಳಿಯಂತ್ರದ ಪಕ್ಕ ಇನ್ನೊಂದನ್ನು, ಬ್ಯಾಟರಿಯದು, ಕೂಡಿಸಿದ. ಕರೆಂಟ್ ನಿಂತರೆ ಅದು ಐದು ತಾಸು ಓಡುತ್ತದೆ. “ತಂತಿ ಬಿಚ್ಚಾಕ ಬಂದ್ರ ಐದು ತಾಸು ಜಗಳಾಡಾಕ ಟೈಮ್ ಸಿಗತೈತಿ” ಎಂದ. ಸುಳ್ಳಿನ ಪಟ್ಟಿಯಿಂದ ಅವನದನ್ನು ಹೊಡೆದುಹಾಕಿದೆ. ಈಗ 8.

ಇದನ್ನು ಬರೆಯುತ್ತಿರುವುದು 2025ರ ಮಾರ್ಚ್ 9ರಂದು. ಏಪ್ರಿಲ್ 15ಕ್ಕೆ 37 ದಿನ. 223 ಮೀನುಗಳೂ ಬದುಕಿವೆ, ಟೊಮೆಟೊ ಎರಡನೇ ಕೊಯ್ಲಿಗೆ ಬಂದಿದೆ. ಏಪ್ರಿಲ್ 15ರಂದು ಮತ್ತೆ ಅದೇ ಮೇಜಿಗೆ ಹೋಗುತ್ತೇನೆ, ಅದೇ ವಾಕ್ಯ ಬರೆಯುತ್ತೇನೆ. ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ.

ಈ ನಾಡಿನಲ್ಲಿ ಎಲ್ಲಾದರೂ, ಯಾರಾದರೂ, ಮೀನನ್ನೂ ಪಲ್ಯವನ್ನೂ ಒಂದೇ ನೀರಿನಲ್ಲಿ ಬೆಳೆಸಿ ಅದರ ನಿಜವಾದ ಹೆಸರಿನಲ್ಲೇ ಸಂಪರ್ಕ ಪಡೆದಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಯಾವ ಇಲಾಖೆ ಆ ಒಂದು ಸಾಲು ಕೊಟ್ಟಿತು, ಯಾವ ದಿನಾಂಕದಂದು, ಮತ್ತು ಮುಖ್ಯವಾಗಿ, ಏಳನೇ ಕಾಲಂನಲ್ಲಿ ನೀವು ಏನು ಬರೆದಿರಿ ಎಂಬುದನ್ನು ತಿಳಿಸಿ. ಕುರಿ ಎಂದು ಬರೆದಿದ್ದವರೂ ಬರೆಯಬಹುದು. ಎಷ್ಟು ಕುರಿಗಳು ನಿಜವಾಗಿ ಮೀನುಗಳಾಗಿವೆ ಎಂಬ ಲೆಕ್ಕ ನನಗೆ ಬೇಕು.